ಒಂದೇ ಗಂಗಾಳದಲ್ಲಿ ಉಂಡವರು

ಅಕ್ಕ ಹಾಲಮ್ಮ ತೀರಿಕೊಂಡ ಮೇಲೆ ದೇವರಾಜ ಅರಸು ಬಡಾವಣೆಯ ಆ ಮನೆಯಲ್ಲಿ ಶಾಂತಕುಮಾರಿ ಒಬ್ಬಳೇ ಉಳಿದಳು. ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು; ತಂಗಿ ಮದುವೆಯ ಗೊಡವೆಗೇ ಹೋಗದೆ ಹರಿಹರದ ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡಿದ್ದವಳು. ಈಗ ಸಂಜೆ ಬಸ್ಸಿಳಿದು ಬಂದರೆ "ಚಾ ಇಡ್ಲೇನೇ?" ಎನ್ನುವವರಿಲ್ಲ.

ಅಕ್ಕನನ್ನು ಒಯ್ದದ್ದು ಹೊಟ್ಟೆಯ ಕ್ಯಾನ್ಸರ್. ವರ್ಷಗಟ್ಟಲೆ ಎದೆಯುರಿ, ಹುಳಿತೇಗು; ಗ್ಯಾಸು ಎಂದು ಸೋಡಾ ಕುಡಿದೇ ದಿನ ದೂಡಿದ್ದಳು. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಆಗ ನೋಡಿದ ಡಾಕ್ಟರ್ ಆಶಾ, "ನೀವೂ ಒಮ್ಮೆ ತೋರಿಸ್ಕೊಳ್ರಿ" ಎಂದಿದ್ದರು. ಶಾಂತಕುಮಾರಿಗೆ ಹೋಗಲು ಮನಸ್ಸಾದದ್ದು ಎಷ್ಟೋ ತಿಂಗಳ ಮೇಲೆ.

ಗಂಟಲಿಗೆ ನಳಿಗೆ ಇಳಿಸಿ ಪರೀಕ್ಷೆ ಮಾಡಿದರು. ವರದಿ ಬಂದ ದಿನ ಆಶಾ ಹೇಳಿದರು, "ಕ್ಯಾನ್ಸರ್ ಇಲ್ರಿ. ಆದ್ರೆ ಎಚ್. ಪೈಲೋರಿ ಅನ್ನೋ ಸೂಕ್ಷ್ಮಾಣು ಐತೆ. ಬಾಳ ಮಂದಿ ಹೊಟ್ಟೇಲಿರ್ತೈತೆ, ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ಮಾತ್ರ ಹುಣ್ಣಾಗಿ ಮುಂದೆ ಕ್ಯಾನ್ಸರಿಗೂ ದಾರಿ ಆಗ್ತೈತೆ. ಎರಡು ವಾರ ಗುಳಿಗೆ ತಪ್ಪಿಸದಂಗೆ ತಗೊಳ್ರಿ. ಅಪಾಯ ಬಾಳ ಕಡಿಮೆ ಆಗ್ತೈತೆ."

"ನನಗೆ ಎಲ್ಲಿಂದ ಬಂತ್ರಿ ಇದು?"

"ಸಣ್ಣವರಿದ್ದಾಗ್ಲೇ ಬಂದಿರ್ತೈತೆ, ಮನೆಯವರಿಂದ ಮನೆಯವರಿಗೆ. ನಿಮ್ಮ ಅಕ್ಕಾರಿಗೂ ಇತ್ತು."

"ಮೊದ್ಲೇ ಗುಳಿಗೆ ಕೊಟ್ಟಿದ್ರೆ ಅಕ್ಕ ಉಳೀತಿದ್ಲಾ?"

"ಉಳೀತಿದ್ರೇನೋ. ಖಾತ್ರಿ ಹೇಳಕ್ಕೆ ಬರಲ್ರಿ."

ಗುಳಿಗೆಗಳು ಕೈಚೀಲದಲ್ಲೇ ಉಳಿದವು. ಸಣ್ಣವರಿದ್ದಾಗ ಹುಟ್ಟೂರು ನಂದಿಗುಡಿಯ ಮನೆಯಲ್ಲಿ ಅವ್ವ ಒಂದೇ ಗಂಗಾಳದಲ್ಲಿ ಅನ್ನ ಕಲಸಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ತುತ್ತು ಇಡುತ್ತಿದ್ದಳು. ಅಕ್ಕ ತನ್ನ ಬಾಯೊಳಗಿನ ಬೆಲ್ಲವನ್ನು ಅರ್ಧ ಕಡಿದು ತಂಗಿಗೆ ಕೊಡುತ್ತಿದ್ದಳು. ಅಕ್ಕನಿಗೆ ಸಿಗದೇ ಹೋದದ್ದನ್ನು ತಾನೊಬ್ಬಳೇ ಹೇಗೆ ನುಂಗುವುದು ಎಂದು ಶಾಂತಕುಮಾರಿ ಚೀಲ ತೆರೆದು ಮತ್ತೆ ಮುಚ್ಚಿಡುತ್ತಿದ್ದಳು. ಹೀಗೇ ಒಂದು ವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಅವಳಿಗೆ ಥಟ್ಟನೆ ಹೊಳೆಯಿತು: ಆ ಗಂಗಾಳದ ಸುತ್ತ ತಮ್ಮನೂ ಕೂತಿದ್ದ.

ಹರಿಹರದಲ್ಲಿ ಬಸ್ ಬದಲಿಸಿ ನಂದಿಗುಡಿಗೆ ಹೋದಳು. ತಮ್ಮ ಉಜ್ಜನಪ್ಪ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿ, ನೀನೂ ತೋರಿಸಿಕೋ ಎಂದಾಗ ನಕ್ಕ.

"ಹೊಟ್ಟೆ ಉರಿ ಯಾರಿಗಿಲ್ಲ ಸಣ್ಣಕ್ಕ? ಖಾರ ತಿಂದ್ರೆ ಉರೀತೈತೆ."

"ಹಾಲಕ್ಕನೂ ಹಿಂಗೇ ಅಂತಿದ್ಲು."

ಅವನ ನಗು ನಿಂತಿತು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಕೇಳಿದ, "ನೀನು ಗುಳಿಗೆ ಶುರು ಮಾಡಿದ್ಯೇನು?"

ಇಲ್ಲವೆನ್ನಲು ಅವಳಿಗೆ ನಾಚಿಕೆಯಾಯಿತು. ತಮ್ಮನ ಹೆಂಡತಿ ಬಡಿಸಿದ್ದನ್ನು ಉಂಡು, ಚೀಲದಿಂದ ಗುಳಿಗೆ ತೆಗೆದು, ಅವನ ಎದುರಿಗೇ ನುಂಗಿದಳು. ಉಜ್ಜನಪ್ಪ ನೋಡುತ್ತ ಕೂತಿದ್ದ. "ನಾಟಿ ಮುಗೀಲಿ, ಬರ್ತೀನಿ" ಎಂದ.

ಆ ಎರಡು ವಾರ ಬಾಯೆಲ್ಲ ಕಹಿ. ಪಾಠ ಮಾಡುವಾಗಲೂ ತುಕ್ಕು ನೆಕ್ಕಿದ ಹಾಗಾಗುತ್ತಿತ್ತು. ಮಧ್ಯೆ ಬಿಟ್ಟುಬಿಡೋಣ ಎನಿಸಿದಾಗ ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ತಾನೇ ತನ್ನನ್ನು ಬೈದುಕೊಂಡು ನುಂಗಿದಳು. ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿದಾಗ ಸೋಂಕು ಹೋಗಿತ್ತು. ಆಸ್ಪತ್ರೆಯಿಂದ ಹೊರಬಂದವಳು ಈ ಸುದ್ದಿಯನ್ನು ಯಾರಿಗೆ ಹೇಳಲಿ ಎಂದು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದಳು.

ನಾಟಿ ಮುಗಿಸಿ ಉಜ್ಜನಪ್ಪ ನಿಜಕ್ಕೂ ಬಂದ. ಅವನ ಹೊಟ್ಟೆಯಲ್ಲೂ ಅದೇ ಸೋಂಕಿತ್ತು. ಗುಳಿಗೆ ಬರೆಸಿಕೊಂಡು ಹೊರಬಂದಾಗ ಶಾಂತಕುಮಾರಿ, "ಎರಡು ದಿನ ಇದ್ದು ಹೋಗೋ" ಎಂದಳು.

"ಗದ್ದೆಗೆ ನೀರು ಬಿಡ್ಬೇಕು ಸಣ್ಣಕ್ಕ."

ಬಸ್ ಹತ್ತಿದವನು ಕಿಟಕಿಯಿಂದ, "ಊರು ಮುಟ್ಟಿದ ಮೇಲೆ ಫೋನ್ ಮಾಡ್ತೀನಿ" ಎಂದ. ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳೇ ಮಾಡಿದಳು.

"ಗುಳಿಗೆ ತಗೊಂಡ್ಯಾ?"

"ಹೂಂ, ಈಗ ಉಂಡು ತಗೊಂಡೆ."

"ಏನ್ ಉಂಡ್ಯೋ?" ಎಂದಳು ಅವಳು, ಫೋನ್ ಇಡದೆ. ಅವನು ಉಂಡದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದ.