ಸಿದ್ದವ್ವನ ಕರಿ ಹೊಟ್ಟು

ಸವಣೂರಿನ ಗುರುರಾಜ ಮಾಸ್ತರರ ಮಗಳು ಸುಮನ್ ತನ್ನ ಪಿಎಚ್.ಡಿ. ಪ್ರಯೋಗದಲ್ಲಿ ಮೂರು ಸಲ ಸೋತಿದ್ದಳು. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳ. ಅದಕ್ಕೆ ಇದ್ದಿಲು ಬೆರೆಸಿ, ನೈಟ್ರೋಜನ್ ಹಾಯಿಸುತ್ತ ಸಾವಿರದ ನಾನೂರು ಡಿಗ್ರಿಗೆ ಕಾಯಿಸಿದರೆ ಸಿಲಿಕಾನ್ ನೈಟ್ರೈಡ್ ಎಂಬ ಗಟ್ಟಿ ಸೆರಾಮಿಕ್ ಆಗಬೇಕು. ಅದು ಕಬ್ಬಿಣಕ್ಕಿಂತ ಹಗುರ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೂ ಸೀಳುವುದಿಲ್ಲ. ಅವಳ ಕುಲುಮೆಯಿಂದ ಮಾತ್ರ ಪ್ರತಿ ಸಲ ಅರೆಬೆಂದ ಹಿಟ್ಟೇ ಬಂತು. ಇನ್ನೊಮ್ಮೆ ಕೆಟ್ಟರೆ ವಿಷಯ ಬದಲಿಸಿ ಎಂದು ಗೈಡು ಹೇಳಿಬಿಟ್ಟಿದ್ದರು. ಎರಡು ವರ್ಷದ ದುಡಿಮೆ ಮಣ್ಣುಪಾಲಾಗುವುದರಲ್ಲಿತ್ತು.

1982ರ ಬೇಸಿಗೆಯಲ್ಲಿ ಕೊನೆಯ ಚೀಲ ಬೂದಿಗೆಂದು ಅವಳು ತಿಳವಳ್ಳಿಯ ಅಕ್ಕಿ ಗಿರಣಿಗೆ ಬಂದಳು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಳ್ಳಗಿನದನ್ನೇ ಆರಿಸತೊಡಗಿದಳು. ಅಕ್ಕಿ ಕೇರುತ್ತಿದ್ದ ಸಿದ್ದವ್ವ ತುಸು ಹೊತ್ತು ನೋಡಿದಳು.

"ಯಾಕ ತಂಗಿ, ಬರೇ ಬಿಳೀದನ್ನ ಆರಿಸಾಕತ್ತಿ?"

"ಬಿಳೀದು ಶುದ್ಧ ಇರ್ತದ್ರಿ."

"ಅದು ಪೂರಾ ಸುಟ್ಟು ಸತ್ತದ್ದು. ಹಲ್ಲ ತಿಕ್ಕಾಕೂ ಬರೂದಿಲ್ಲ. ಬಾ, ನಾ ಸುಟ್ಟಿದ್ದ ತೋರಸ್ತೇನಿ."

ಸಿದ್ದವ್ವನ ಮನೆಯಲ್ಲಿ ಹಲ್ಲುಪುಡಿಗೆಂದು ಹೊಟ್ಟು ತುಂಬಿದ ಗಡಿಗೆ, ಬಾಯಿಗೆ ಮಣ್ಣು ಮೆತ್ತಿ, ಸಣ್ಣ ಉರಿಯ ಮೇಲಿತ್ತು. ಆರಿದ್ದ ಇನ್ನೊಂದನ್ನು ಅವಳು ಒಡೆದಳು. ಒಳಗೆ ಹೊಟ್ಟು ಆಕಾರ ಕೆಡದೆ ಕಪ್ಪಗೆ ನಿಂತಿತ್ತು. ಸುಮನ್ ಒಂದನ್ನು ಬೆರಳಲ್ಲಿ ಹೊಸಕಿದಳು. ಸಿಲಿಕಾ, ಇದ್ದಿಲು ಎರಡೂ ಒಂದೇ ಸಿಪ್ಪೆಯಲ್ಲಿ ಹುಟ್ಟಿನಿಂದ ಬೆರೆತಿವೆ. ನಾನೋ ಇದ್ದಿಲನ್ನು ಸುಟ್ಟು ಕಳೆದು, ಆಮೇಲೆ ಹೊರಗಿಂದ ತಂದು ಕಲಸುತ್ತಿದ್ದೆ! ಮಡಿಮನೆಯಲ್ಲಿ ಬೆಳೆದ ಹುಡುಗಿ. ಬಿಳಿ ಎಂದರೆ ಶುದ್ಧ ಎಂಬುದು ವಿಜ್ಞಾನಕ್ಕಿಂತ ಮೊದಲೇ ತಲೆಗೇರಿತ್ತು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ಒಂದು ಚೀಲ ಕೊಡ್ತೀರೇನ್ರಿ?"

"ಊರ ಹಲ್ಲೆಲ್ಲಾ ತಿಕ್ಕೂದೈತೇನು?" ಎಂದು ನಗುತ್ತಲೇ ಸಿದ್ದವ್ವ ಚೀಲ ತುಂಬಿದಳು.

ದೀಪಾವಳಿಗೆ ಊರಿಗೆ ಹೊರಟ ಸುಮನ್ ಮೊದಲು ತಿಳವಳ್ಳಿಗೆ, ಸಿದ್ದವ್ವನ ಮನೆಗೆ ಹೋದಳು. ಕುಲುಮೆ ಈ ಸಲ ಒಲಿದಿತ್ತು. ಬಂದ ಪುಡಿಯನ್ನು ಒತ್ತಿ ಬೇಯಿಸಿದ್ದ ಒಂದೇ ಒಂದು ಬೂದುಬಣ್ಣದ ಬಿಲ್ಲೆ ಅವಳ ಕರವಸ್ತ್ರದಲ್ಲಿತ್ತು. ಕಾಯಿಸಿ ನೀರಿಗೆ ಹಾಕುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

"ಬೆಂಕ್ಯಾಗ ಕಾಸಿ ನೀರಿಗೆ ಹಾಕಿದ್ರೂ ಒಡೆಯೂದಿಲ್ರಿ ಇದು," ಎಂದು ಬಾಯಿ ಜಾರಿ ಹೇಳಿದಳು.

ಸಿದ್ದವ್ವ ಕೇಳುತ್ತ ಕೂರುವವಳಲ್ಲ. ಸುಮನ್ ತಡೆಯುವಷ್ಟರಲ್ಲಿ ಬಿಲ್ಲೆ ಕೆಂಡದೊಳಗಿತ್ತು. ಅದು ಕೆಂಪಾಯಿತು. ಇಕ್ಕಳದಲ್ಲಿ ಹಿಡಿದು ಕೊಡದ ನೀರಿಗೆ ಹಾಕಿದಳು. ಚುಂಯ್ ಎಂದಿತು. ಸುಮನ್ ಕಣ್ಣು ಮುಚ್ಚಿಕೊಂಡಳು.

ಸಿದ್ದವ್ವ ತೆಗೆದು, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. ಒಂದು ಗೆರೆಯೂ ಇರಲಿಲ್ಲ. ಕಣ್ಣು ಬಿಟ್ಟು ಅಳತೊಡಗಿದ್ದ ಸುಮನ್‌ಳ ಅಂಗೈಯಲ್ಲಿ ಅದನ್ನಿಟ್ಟು ಎದ್ದಳು.

"ಅಳೂದು ಸಾಕು ತಂಗಿ. ಇನ್ನ ಎಷ್ಟು ಗಡಿಗಿ ಸುಡಬೇಕು, ಹೇಳು."