ಮೂಡಣಕ್ಕೆ ಹೋದ ಗಂಟು

“ಅಜ್ಜಿ, ಪಾಸ್‌ಪೋರ್ಟ್ ಗಂಟಿನ್ಯಾಗ ಐತಿ. ಗಂಟು ಲೇನಾ ರೂಮಿನ್ಯಾಗ ಐತಿ. ರೂಮಿಗೆ ಲಾಕ್ ಐತಿ. ಲೇನಾ ಎಲ್ಲಿ ಅದಾಳೋ ಗೊತ್ತಿಲ್ಲ.”

ಮೊಮ್ಮಗಳು ಸೌಂದರ್ಯಾ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಆಸ್ಟಿನ್ ಪಕ್ಕದ ಲಿಯಾಂಡರ್ ಊರಿನ ಮನೆಯಲ್ಲಿ ಕಾಶವ್ವ ಆಗಷ್ಟೇ ಲಿಂಗಪೂಜೆ ಮುಗಿಸಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಶನಿವಾರ ಬೆಳಗಿನ ಐದು ಗಂಟೆ. ಕಿಟಕಿಯಾಚೆ ಓಣಿಯ ಮನೆಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕತ್ತಲೆಯಲ್ಲಿ ಸಾಲಾಗಿ ನಿಂತಿದ್ದವು. ಫೋನಿನ ಒಳಗೆ ಮಾತ್ರ ಮಟಮಟ ಮಧ್ಯಾಹ್ನ. ಮ್ಯೂನಿಕ್‌ನ ಹಾಸ್ಟೆಲಿನ ಕಾರಿಡಾರಿನಲ್ಲಿ, ಹಸಿರು ಬಣ್ಣದ ಮುಚ್ಚಿದ ಬಾಗಿಲೊಂದಕ್ಕೆ ಬೆನ್ನು ಕೊಟ್ಟು ಸೌಂದರ್ಯಾ ನಿಂತಿದ್ದಳು.

“ಶಿವ ಶಿವಾ! ಪಾಸ್‌ಪೋರ್ಟ್ ಯಾಕ ಇಟ್ಟಿ ಅದರಾಗ?”

“ನೀನೇ ಹೇಳಿದ್ಯಲಾ ಅಜ್ಜಿ, ಯಾವುದು ಬಿಟ್ಟು ಹೋಗಾಕ ಆಗೂದಿಲ್ಲೋ ಅದನ್ನ ಇಡು ಅಂತ.”

“ನಾ ಬಾಚಣಿಗಿ ಇಡ್ತೀ ಅನ್ಕೊಂಡಿದ್ದೆ.”

“ಬಾಚಣಿಗಿ ಇಲ್ದ ನಾ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ, ಅಜ್ಜಿ.”

ಅದೂ ಖರೆಯೇ. ಆ ಹುಡುಗಿಯ ತಲೆ ನೋಡಿದವರು ಯಾರೂ ಅಲ್ಲವೆನ್ನುತ್ತಿರಲಿಲ್ಲ.

ನಡೆದದ್ದು ಇಷ್ಟು. ಸೌಂದರ್ಯಾ ಓದುವುದು ಆಸ್ಟಿನ್‌ನಲ್ಲಿ. ಈ ಒಂದು ಸೆಮಿಸ್ಟರಿಗೆಂದು ಮ್ಯೂನಿಕ್‌ಗೆ ಹೋಗಿದ್ದಳು. ಶನಿವಾರ ಇಬ್ಬರು ಗೆಳತಿಯರ ಜೊತೆ ಪಕ್ಕದ ದೇಶ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ರೈಲಿನಲ್ಲಿ ಹೋಗಿ, ಭಾನುವಾರ ತಿರುಗಿ ಬರುವ ಬೇತು. ಗುರುವಾರ ಫೋನಿನಲ್ಲಿ ಇದನ್ನು ಹೇಳಿದಾಗ ಕಾಶವ್ವ ಕೇಳಿದ ಮೊದಲ ಪ್ರಶ್ನೆ, ಆ ಊರು ಯಾವ ದಿಕ್ಕಿಗೆ ಐತಿ ಅಂತ. ಹುಡುಗಿ ಮ್ಯಾಪು ತೆಗೆದು ನೋಡಿ ಈಸ್ಟ್ ಅಂದಳು. ಶನಿವಾರ ಮೂಡಣಕ್ಕೆ ಶೂಲಿ. ಆ ದಿನ ಆ ದಿಕ್ಕಿಗೆ ಮನೆಯಿಂದ ಹೆಜ್ಜೆ ಇಡಬಾರದು.

ಆದರೆ ದಿಕ್ಕಿಗೆ ಶೂಲಿ ಇಟ್ಟ ಹಿರಿಯರು ಕಟುಕರಾಗಿರಲಿಲ್ಲ. ಹಿತ್ತಲ ಬಾಗಿಲೊಂದನ್ನೂ ಇಟ್ಟಿದ್ದರು. ಅದಕ್ಕೆ ಪರಸ್ಥಾನ ಅನ್ನುತ್ತಾರೆ. ಹೋಗಬೇಕಾದವರದೊಂದು ವಸ್ತುವನ್ನು ಅಕ್ಕಿ, ಅಡಿಕೆ, ಅರಿಶಿನದ ಜೊತೆ ಬಟ್ಟೆಯಲ್ಲಿ ಗಂಟು ಕಟ್ಟಿ, ಹಿಂದಿನ ದಿನವೇ ನೆರೆಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಹೊರಟಂತೆ. ಮರುದಿನ ಹೋಗುವಾಗ ಗಂಟು ಎತ್ತಿಕೊಂಡು ನಡೆದರಾಯಿತು. ಶುಕ್ರವಾರ ಸೌಂದರ್ಯಾ ಅಜ್ಜಿ ಹೇಳಿದಂತೆಯೇ ಗಂಟು ಕಟ್ಟಿದಳು. ಅಡಿಕೆ ಸಿಗಲಿಲ್ಲವೆಂದು ಒಂದು ಬಾದಾಮಿ ಹಾಕಿದಳು. ಮೂಡಣ ಮಗ್ಗುಲಿನ ರೂಮಿನ ಜರ್ಮನ್ ಹುಡುಗಿ ಲೇನಾಳಿಗೆ ಎರಡೂ ಕೈಯಿಂದ ಒಪ್ಪಿಸಿ, ನಾಳೆ ನಾನು ಬಂದು ಕೇಳುವ ತನಕ ಜೋಪಾನ ಮಾಡು ಅಂದಳು.

ಅಡುಗೆಮನೆಯಿಂದ ಚಿದಾನಂದ ಚಹಾದ ಲೋಟ ಹಿಡಿದು ಬಂದ. ಕಾಶವ್ವನ ಒಬ್ಬನೇ ಮಗ, ಸೌಂದರ್ಯಾಳ ಅಪ್ಪ. ಅಡುಗೆಮನೆ ಕಟ್ಟೆಗಳಿಗೆ ಗ್ರಾನೈಟ್ ಕೊಯ್ದು ಕೂಡಿಸುವ ಅಂಗಡಿ ಅವನದು. ಇಳಕಲ್ಲಿನಲ್ಲಿ ಅವನಪ್ಪನೂ ಕಲ್ಲಿನ ವ್ಯಾಪಾರವನ್ನೇ ಮಾಡಿದ್ದ. ಸೊಸೆ ಆಸ್ಪತ್ರೆಯ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ. ಮಗಳ ಮಾತು ಕಿವಿಗೆ ಬಿದ್ದದ್ದೇ ತಡ ಅವನು ಲೋಟ ಕೆಳಗಿಟ್ಟ.

“ಅವ್ವಾ, ಮತ್ತ ಪರಸ್ಥಾನ ಇಡಸಿದಿ ಹೌದಿಲ್ಲೋ? ನನ್ನ ಟೇಪ್ ಇಟ್ಟಂಗ?”

ಎರಡು ವರ್ಷದ ಹಿಂದೆ ಅವನು ಹೂಸ್ಟನ್ ಬಂದರಿಗೆ ಕಲ್ಲು ಆರಿಸಲು ಹೊರಟಾಗ ಕಾಶವ್ವ ಅವನ ಅಳತೆಪಟ್ಟಿಯನ್ನು ಹೇಳದೆ ಕೇಳದೆ ನೆರೆಯ ಬದರಿನಾಥ ಅಂಕಲ್ ಮನೆಯ ಗ್ಯಾರೇಜಿನಲ್ಲಿ ಇಟ್ಟಿದ್ದಳು. ಎತ್ತಿಕೊಂಡು ಹೋಗು ಎಂದು ಹೇಳುವುದನ್ನು ಮರೆತಿದ್ದಳು. ಅಷ್ಟು ದೂರ ಹೋದವನು ಕಲ್ಲುಗಳನ್ನು ಗೇಣು ಹಾಕಿ ಅಳೆದು ಬಂದಿದ್ದ.

“ಲಿಂಗ ಕಟ್ಟಿಕೊಂಡವ್ರಿಗೆ ಎಂಥಾ ದಿಕ್ಕು, ಎಂಥಾ ಶೂಲಿ ಅಂತ ಮಠದ ಸ್ವಾಮಿಗಳೇ ಹೇಳ್ತಾರಲಾ ಅವ್ವಾ.”

“ಸ್ವಾಮಿಗಳಿಗೆ ಮೊಮ್ಮಕ್ಕಳಿಲ್ಲೋ ತಮ್ಮಾ,” ಅಂದಳು ಕಾಶವ್ವ.

ಫೋನಿನಲ್ಲಿ ಸೌಂದರ್ಯಾ ನಕ್ಕಳು. ನಕ್ಕರೂ ಅವಳ ಕಣ್ಣು ಮತ್ತೆ ಮತ್ತೆ ಬೆನ್ನ ಹಿಂದಿನ ಲೇನಾಳ ಹಸಿರು ಬಾಗಿಲಿನ ಕಡೆ ಹೊರಳುತ್ತಿತ್ತು. “ಪಪ್ಪಾ, ಬಾರ್ಡರ್‌ನ್ಯಾಗ ಪೊಲೀಸರು ಟ್ರೇನ್ ಹತ್ತಿ ಚೆಕ್ ಮಾಡ್ತಾರಂತ. Without passport ನಾ ಹೋಗಾಕ ಬರೂದಿಲ್ಲ. ಲೇನಾ ಫೋನ್ ಎತ್ತವಲ್ಲಳು. ಇನ್ನೊಮ್ಮೆ ಟ್ರೈ ಮಾಡ್ತೀನಿ. ಬೈ.”

ಪರದೆ ಕಪ್ಪಾಯಿತು. ಚಿದಾನಂದ ತಾಯಿಯ ಎದುರು ಕುಳಿತ. ಅವನ ದನಿ ಈಗ ಮೆತ್ತಗಿತ್ತು. ಅದರಿಂದಲೇ ಕಾಶವ್ವನಿಗೆ ಹೆಚ್ಚು ನೋವಾಯಿತು.

“ಅವ್ವಾ, ಆಕಿ ಎಷ್ಟು ಆಸೆ ಇಟ್ಕೊಂಡಿದ್ದಳು ಗೊತ್ತೈತೇನು? ಈ ಟ್ರಿಪ್ ಕೆಟ್ಟರ ಆಕಿ ಇನ್ನ ನಿನಗ ಏನೂ ಹೇಳೂದಿಲ್ಲ ನೋಡು. ಇನ್ನ ಮ್ಯಾಲೆ ಆಕಿ ತಿರುಗಾಟದಾಗ ನೀ ಬಾಯಿ ಹಾಕಬ್ಯಾಡ.”

ಹೇಳೂದಿಲ್ಲ ಅನ್ನುವ ಆ ಒಂದು ಮಾತು ಕಾಶವ್ವನ ಎದೆಗೆ ಹೋಗಿ ಕುಳಿತುಬಿಟ್ಟಿತು. ಹುಟ್ಟಿದಾಗಿನಿಂದ ಒಂದೇ ಸೂರಿನ ಕೆಳಗೆ ಬೆಳೆದ ಹುಡುಗಿ ಅಜ್ಜಿಯ ಜೊತೆ ಆಡುತ್ತಿದ್ದದ್ದು ಹಾಯ್, ಬಾಯ್, ಐ ಆ್ಯಮ್ ಫೈನ್, ಅಷ್ಟೇ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳಿ ಮೆಟ್ಟಿಲು ಹತ್ತಿ ಹೋಗುವಳು. ಮ್ಯೂನಿಕ್‌ಗೆ ಹೋದ ಮೇಲೆ ಒಂದು ಸಂಜೆ ಫೋನು ಮಾಡಿ, ಅಜ್ಜಿ, ಜುಣಕ ಹೆಂಗ ಮಾಡೂದು ಅಂದಳು. ಅಂದಿನಿಂದ ದಿನಾ ಫೋನು. ಗ್ಯಾಸಿನ ಪಕ್ಕಕ್ಕೆ ಫೋನು ಒರಗಿಸಿಕೊಂಡು, ಉಳ್ಳಾಗಡ್ಡಿ ಹೆಚ್ಚುತ್ತ, ಕಣ್ಣೀರು ಒರೆಸುತ್ತ, ಎಡವುತ್ತ ಕನ್ನಡ ಆಡುವಳು. ಮುದುಕಿಯ ದಿನಕ್ಕೆ ಅದೇ ಹಬ್ಬವಾಗಿತ್ತು.

ಕಾಶವ್ವ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ‘ತಂದೆ, ಊರು ನೋಡೂದು ತಪ್ಪಿದ್ರ ತಪ್ಪಲಿ, ಊರು ಎಲ್ಲಿಗೂ ಓಡಿ ಹೋಗೂದಿಲ್ಲ. ಹುಡುಗಿ ನನ್ನ ಮ್ಯಾಲೆ ಮುನಿಸ್ಕೋಬಾರದು. ಅಷ್ಟು ನೋಡ್ಕೋ.’

ಫೋನು ಮತ್ತೆ ಮಿಣುಗಿತು. ಈಗ ಸೌಂದರ್ಯಾ ಬೀದಿಯಲ್ಲಿದ್ದಳು, ಬೆನ್ನ ಮೇಲೆ ಚೀಲ, ಜೊತೆಗೆ ಇಬ್ಬರು ಗೆಳತಿಯರು.

“ಲೇನಾ ಸಿಕ್ಕಳು! ಆಕಿ ಮುಂಜಾನೆ ತನ್ನ ಅಜ್ಜಿ ಊರಿಗೆ ಹೋಗ್ಯಾಳ. ಗಂಟೂ ತಗೊಂಡ ಹೋಗ್ಯಾಳ!”

“ಗಂಟು ಯಾಕ ತಗೊಂಡ ಹೋದ್ಲು?” ಚಿದಾನಂದ ಬೆರಗಾದ.

“ನಾ ಜೋಪಾನ ಮಾಡು ಅಂದಿದ್ನೆಲ್ಲ, ಖಾಲಿ ರೂಮಿನ್ಯಾಗ ಹೆಂಗ ಬಿಟ್ಟು ಹೋಗೂದು ಅಂತ ಎತ್ಕೊಂಡಾಳ. ನಾ ಇನ್ನೂ ಮಲಗಿದ್ದೆ, ಎಬ್ಬಸಿಲ್ಲ. Evening ವಾಪಸ್ ಬರ್ತೀನಿ ಅಂತಾಳ. ಒಳಗ ಪಾಸ್‌ಪೋರ್ಟ್ ಐತಿ ಅಂತ ಆಕಿಗೆ ಗೊತ್ತೇ ಇಲ್ಲ. ಆ ಊರು ಟ್ರೌನ್‌ಸ್ಟೈನ್ ಅಂತ.”

ಚಿದಾನಂದ ತನ್ನ ಫೋನಿನಲ್ಲಿ ನಕಾಶೆ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದ. “ಪುಟ್ಟಾ, ಈಗ ಹೋಗಬ್ಯಾಡ. ಪಾಸ್‌ಪೋರ್ಟ್ ಕೈಯಾಗ ಇಲ್ದ ಟ್ರೇನ್ ಹತ್ತೂದು ಬ್ಯಾಡ. ರೂಮಿನ್ಯಾಗ ಇರು. ಮುಂದಿನ ವಾರ ಹೋದ್ರಾತು.”

ಗೆಳತಿಯರಲ್ಲೊಬ್ಬಳು ಗಡಿಯಾರ ನೋಡಿಕೊಂಡಳು.

“ತಮ್ಮಾ, ಆ ಊರು ಯಾವ ದಿಕ್ಕಿಗೆ ಐತಿ?” ಕಾಶವ್ವ ಮೆಲ್ಲಗೆ ಕೇಳಿದಳು.

“ಅವ್ವಾ, ಈಗ ದಿಕ್ಕು ಯಾಕ?”

“ಹೇಳಲಾ ಸುಮ್ನ.”

ಚಿದಾನಂದ ಮತ್ತೆ ನಕಾಶೆ ನೋಡಿದ. ಅವನ ಮುಖದ ಬಿಗಿ ನಿಧಾನಕ್ಕೆ ಸಡಿಲವಾಯಿತು. “ಸಾಲ್ಜ್‌ಬರ್ಗ್‌ಗೆ ಹೋಗೂ ದಾರಿ ಮ್ಯಾಗೇ ಐತಿ. ಅದೇ ರೈಲು. ಬಾರ್ಡರ್‌ಕ್ಕಿಂತ ಮೊದಲ.”

“ಮೂಡಣಕ್ಕ?”

“ಮೂಡಣಕ್ಕ.”

“ಮತ್ತ ಇದಕ್ಕಿಂತ ಚಲೋ ಪರಸ್ಥಾನ ಎಲ್ಲಿ ಆದೀತು! ನಾವು ಮಗ್ಗಲ ಮನಿಗೆ ಇಡ್ತಿದ್ವಿ. ಈ ಗಂಟು ತಾನ ಅರ್ಧ ದಾರಿ ಹೋಗಿ ಕುಂತೈತಿ. ಹೋಗವಾ ನನ್ನವ್ವಾ, ಅದರ ಹಿಂದ ನೀ ಹೋಗು. ನಡುವ ಇಳದು ಇಸ್ಕೊಂಡು ಮುಂದಕ್ಕ ನಡಿ.”

“ಪಪ್ಪಾ?” ಸೌಂದರ್ಯಾ ಅಪ್ಪನ ಮುಖ ನೋಡಿದಳು. ಚಿದಾನಂದ ಗಲ್ಲ ಕೆರೆದುಕೊಂಡ. ಕಲ್ಲಿನ ಮೇಲೆ ಗೆರೆ ಎಳೆದು, ಕೊಯ್ಯುವ ಮುಂಚೆ ಕೊನೆಯ ಸಲ ನೋಡುವಾಗಲೂ ಅವನು ಹೀಗೆಯೇ ಮಾಡುತ್ತಿದ್ದ.

“ಲೇನಾಗ ಹೇಳು, ಸ್ಟೇಷನ್‌ಗೆ ತಗೊಂಡ ಬಾ ಅಂತ. ಲಗೂನ ಹೋಗ್ರಿ, ಟ್ರೇನ್ ತಪ್ಪೀತು.”

ಆಮೇಲಿನ ಹೊತ್ತು ಕಾಶವ್ವನಿಗೆ ಸಾಗಲೊಲ್ಲದು. ಒಂದು ಲೋಟ ಚಹಾ ತಣ್ಣಗಾಯಿತು, ಎರಡನೆಯದೂ ಆಯಿತು. ಚಿದಾನಂದ ಅಂಗಡಿಗೆ ಹೋಗಬೇಕಾದವನು ಶೂ ಹಾಕಿಕೊಂಡು ಸೋಫಾದ ಮೇಲೆ ಕುಳಿತೇ ಇದ್ದ. ಹೋಗೂದಿಲ್ಲೇನು ಎಂದು ತಾಯಿ ಕೇಳಿದಾಗ, ಟ್ರಾಫಿಕ್ ಐತಿ ಅಂದ. ಶನಿವಾರ ಮುಂಜಾನೆ ಎಂಥ ಟ್ರಾಫಿಕ್ ಎಂದು ಕಾಶವ್ವ ಕೇಳಲಿಲ್ಲ.

ಬೇಲಿಯ ಮೇಲೆ ಬೆಳಕು ಮೂಡುವಾಗ ಫೋನು ಬಂತು. ಪರದೆ ತುಂಬ ಒಂದು ಹಳೆಯ ಮನೆ, ಮರದ ಮೇಜು, ಮೇಜಿನ ಮೇಲೆ ಅರ್ಧ ಮುಗಿದ ಸೇಬಿನ ಕೇಕು. ಗೆಳತಿಯರಿಬ್ಬರ ಬಾಯಿಯೂ ತುಂಬಿತ್ತು.

“ಅಜ್ಜಿ! ಲೇನಾನ ಅಜ್ಜಿ ಸ್ಟೇಷನ್‌ಗೇ ಬಂದು ನಮ್ಮನ್ನ ಮನಿಗೆ ಎಳಕೊಂಡ ಬಂದ್ರು. ಉಪಾಸ ಹೋಗಬಾರದಂತ. ಮುಂದಿನ ಟ್ರೇನ್ ಇನ್ನೊಂದು ತಾಸಿಗೆ ಐತಿ. ಗಂಟು ಎಲ್ಲಿ ಇಟ್ಟಿದ್ರು ನೋಡು.”

ಕ್ಯಾಮೆರಾ ತಿರುಗಿತು. ಕೋಣೆಯ ಮೂಲೆಯಲ್ಲಿ ಮೇಲೊಂದು ಮರದ ಶಿಲುಬೆ, ಅದರ ಕೆಳಗಿನ ಹಲಗೆಯ ಮೇಲೆ ಒಂದು ದೀಪ. ದೀಪದ ಮಗ್ಗುಲಿಗೆ ಸೌಂದರ್ಯಾಳ ಕೆಂಪು ದುಪಟ್ಟಾದ ಗಂಟು, ಬಿಚ್ಚದೆ ಹಾಗೆಯೇ ಇತ್ತು.

“ಜೋಪಾನ ಮಾಡಾಕ ಕೊಟ್ಟದ್ದು ನೆಲಕ್ಕ ಇಡಬಾರದು ಅಂತ ಅಲ್ಲಿ ಇಟ್ರಂತ.”

ಅಷ್ಟರಲ್ಲಿ ಪರದೆಯೊಳಗೆ ಒಬ್ಬ ಬಿಳಿಗೂದಲಿನ ಮುದುಕಿ ಬಗ್ಗಿ ನೋಡಿ, ಕಿವುಡರಿಗೆ ಹೇಳುವಂತೆ ಜೋರಾಗಿ ಏನೋ ಅಂದಳು.

“ನಮಸ್ಕಾರ ಹೇಳಾಕತ್ತಾರ ಅಜ್ಜಿ. ಈ ಕಡೆ ಹಲೋ ಅನ್ನೂದಿಲ್ಲ, ದೇವರ ಹೆಸರು ತಗೊಂಡೇ ಮಾತಾಡಸ್ತಾರ.”

“ಶರಣು ಶರಣಾರ್ಥಿ,” ಕಾಶವ್ವ ಅಷ್ಟೇ ಜೋರಾಗಿ ಅಂದು ಕೈ ಮುಗಿದಳು. “ಬಾಳ ಉಪಕಾರ ಆತು ಯವ್ವಾ. ನಮ್ಮ ಹುಡುಗಿ ಸೊರಗೈತಿ, ಇನ್ನೊಂದು ತುಂಡು ಹಾಕ್ರಿ.”

ಅನುವಾದ ಮಾಡುವ ಮುನ್ನವೇ ಆ ಮುದುಕಿ ಸೌಂದರ್ಯಾಳ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. ಚಿದಾನಂದ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೊರಡುವ ಹೊತ್ತಾಯಿತು. ಸೌಂದರ್ಯಾ ಪಾಸ್‌ಪೋರ್ಟನ್ನು ಜೇಬಿಗೆ ಸೇರಿಸಿ, ಗಂಟನ್ನು ಚೀಲದಲ್ಲಿಟ್ಟುಕೊಂಡಳು. ಬಾಗಿಲ ತನಕ ನಡೆದವಳು ಫೋನನ್ನು ಮುಖದ ಹತ್ತಿರ ತಂದು, ಗೆಳತಿಯರಿಗೆ ಕೇಳಿಸದಂತೆ ದನಿ ಇಳಿಸಿ ಕೇಳಿದಳು, “ಅಜ್ಜಿ, ನಾಳೆ ವಾಪಸ್ ಬರ್ಬೇಕಲಾ, ಸಂಡೇ, ವೆಸ್ಟ್‌ಗೆ. ಅದಕ್ಕ ಏನರ ಐತೇನು? ಈಗ ಹೇಳಿಬಿಡು.”

ಭಾನುವಾರ ಪಡುವಣಕ್ಕೂ ಶೂಲಿಯೇ. ಕಾಶವ್ವ ಮಗನ ಕಡೆ ಒಮ್ಮೆ ನೋಡಿದಳು. ಚಿದಾನಂದ ಶೂ ಲೇಸು ಬಿಗಿಯುವುದರಲ್ಲಿ ಮಗ್ನನಾಗಿದ್ದ.

“ತಿರುಗಿ ಬರಾಕ ಯಾವ ಶೂಲಿನೂ ಇಲ್ಲವಾ,” ಅಂದಳು. “ಯಾವಾಗ ಬೇಕಾದ್ರೂ ಬರಬಹುದು.”

“ಓಕೆ. ರೂಮಿಗೆ ಬಂದ ಮ್ಯಾಲೆ ಫೋನ್ ಮಾಡ್ತೀನಿ. ಫೋಟೋ ತೋರಸ್ತೀನಿ.”

ಲೇನಾಳ ಅಜ್ಜಿ ಹೊಸ್ತಿಲ ಬಳಿ ಅವರನ್ನು ತಡೆದಳು. ಬಾಗಿಲ ಪಕ್ಕದ ಗೋಡೆಗೆ ತೀರ್ಥ ತುಂಬಿದ ಪಿಂಗಾಣಿಯ ಸಣ್ಣ ಬಟ್ಟಲೊಂದಿತ್ತು. ಅವಳು ಅದರಲ್ಲಿ ಬೆರಳು ಅದ್ದಿ, ಮೊದಲು ಸ್ಟೇಷನ್ ತನಕ ಕಳಿಸಲು ಹೊರಟ ಲೇನಾಳ ಹಣೆಗೆ, ಆಮೇಲೆ ಒಬ್ಬೊಬ್ಬರನ್ನೇ ಹತ್ತಿರ ಕರೆದು ಅವರ ಹಣೆಗೆ ನೀರಿನಿಂದ ಶಿಲುಬೆಯ ಗುರುತು ಹಾಕಿದಳು. ಸೌಂದರ್ಯಾ ತಲೆ ಬಾಗಿಸಿದಳು. ಮುದುಕಿ ಮತ್ತೊಮ್ಮೆ ಬೆರಳು ಅದ್ದಿ, ಹೋಗಿ ಬನ್ನಿ ಅನ್ನುವಂತೆ ಎಲ್ಲರ ಮೇಲೂ ಚಿಮುಕಿಸಿದಳು. ಒಂದು ಹನಿ ಕ್ಯಾಮೆರಾದ ಮೇಲೆ ಬಿತ್ತು. ಹುಡುಗಿಯರು, ಬಾಗಿಲು, ಆಚೆಯ ಬಿಸಿಲು ಎಲ್ಲ ಕಲೆಸಿಹೋದವು.

ಲಿಯಾಂಡರ್‌ನಲ್ಲಿ ಕಾಶವ್ವ ಸೆರಗಿನ ತುದಿಯಿಂದ ಫೋನಿನ ಗಾಜನ್ನು ಮೆಲ್ಲಗೆ ಒರೆಸಿದಳು.