ಚೆಂಡಿನೊಳಗಿನ ಗಾಳಿ

“ಏ ಎಲ್ಯಾ, ಕ್ಯಾನಿಗಿ ಕೈ ಹಚ್ಚಬ್ಯಾಡಲೇ ಸೂಳಿಮಗನ. ಹುಡುಗ್ರು ಕುಡಿಯೋ ನೀರ ಅದು.”

ಹಾವಗೆಪ್ಪ ಸಾವ್ಕಾರ ತನ್ನ ಕಾಳುಕಡಿಯ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತಲ್ಲಿಂದಲೇ ಕೂಗಿದ. ಎಲೀಷ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಪಕ್ಕದಲ್ಲಿದ್ದ ಬಲೆಯ ಗಂಟನ್ನು ಎತ್ತಿ ಜೀಪಿಗೆ ಹಾಕಿದ. ಔರಾದದಲ್ಲಿ ಅಂದು ಫುಟ್‌ಬಾಲ್ ಫೈನಲ್. ಅವನು ಬಲೆ ಎತ್ತಬಹುದು, ಹುಡುಗರ ಬೆವರು ನಾರುವ ಬೂಟು ಎತ್ತಬಹುದು, ಆಟಕ್ಕೆಂದು ಸಾವ್ಕಾರ ಕೊಡಿಸಿದ ಹೊಸ ಚೆಂಡಿಗೆ ಗಾಳಿಯನ್ನೂ ಹೊಡೆಯಬಹುದು. ನೀರಿನ ಕ್ಯಾನನ್ನು ಮಾತ್ರ ಅಂಗಡಿಯ ಆಳೇ ಎತ್ತಬೇಕು. ಸಾವ್ಕಾರನ ತಲೆಯ ಮೇಲೆ ಗೋಡೆಗೆ ಬಸವಣ್ಣನ ಫೋಟೊ ಇತ್ತು. ಅದಕ್ಕೆ ದಿನವೂ ಹೊಸ ಹೂವು ಬೀಳುತ್ತಿತ್ತು.

ಮುಂಜಾನೆ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವಾಗ ಅವನು ಎಲ್ಯಾ. ಸಂಜೆ ಮೈದಾನಕ್ಕಿಳಿದರೆ ಎಲೀಷ ಮಾಸ್ತರ. ಸಾವ್ಕಾರನ ತಂಡಕ್ಕೆ ಕೋಚೂ ಅವನೇ, ನಡುವೆ ನಿಂತು ಆಡಿಸುವ ಮಿಡ್‌ಫೀಲ್ಡರೂ ಅವನೇ. ಪ್ರಾಯದಲ್ಲಿ ಹೈದರಾಬಾದಿನ ಒಂದು ಲೀಗ್ ಕ್ಲಬ್ಬಿಗೆ ಆಡಿದ್ದ. ಮೊಣಕಾಲು ಹೋಯಿತು, ಕ್ಲಬ್ಬಿನವರು ಕೈಬಿಟ್ಟರು, ಬೀದರಕ್ಕೆ ಮರಳಿದ. ಕಾಲು ಕುಂಟಿದರೂ ಬೆನ್ನು ಗಟ್ಟಿಯಿತ್ತು, ಚೀಲ ಹೊರಲು ಅಷ್ಟೇ ಸಾಕಿತ್ತು. ಹೈದರಾಬಾದನ್ನು ನೆನೆದಾಗ ಗೋಲು, ಚಪ್ಪಾಳೆ ಯಾವುದೂ ಅವನ ಮನಸ್ಸಿಗೆ ಬರುತ್ತಿರಲಿಲ್ಲ. ಆಟ ಮುಗಿದ ಮೇಲೆ ಒಂದೇ ಬಾಟಲಿ ಬಾಯಿಂದ ಬಾಯಿಗೆ ಸಾಗುತ್ತಿದ್ದದ್ದು ನೆನಪಾಗುತ್ತಿತ್ತು. ಯಾರ ಬಾಯಿ ಯಾವ ಓಣಿಯದೆಂದು ಅಲ್ಲಿ ಯಾರೂ ಕೇಳಿರಲಿಲ್ಲ.

ನಾವು ಯೇಸುವಿನ ಮಂದಿ, ನಮಗ್ಯಾಕೆ ಜಾತಿಯ ಮಾತು ಎನ್ನುತ್ತಿದ್ದ ತಾಯಿ ಮಾರ್ಗರೆಟ ಈಗಿಲ್ಲ. ಗಂಜಿನವರು ಚರ್ಚಿನ ಹೆಸರು ಕೇಳುವುದಿಲ್ಲ, ಓಣಿಯ ಹೆಸರು ಕೇಳುತ್ತಾರೆ. ಮನೆಯಲ್ಲಿ ಉಂಡೆಯಾ ಎನ್ನುವವರಿಲ್ಲದ ಎಲೀಷನಿಗೆ ಉಳಿದದ್ದು ಈ ಹುಡುಗರು. ಅದರಲ್ಲೂ ಸಾವ್ಕಾರನ ಮಗ ಅಮಿತಕುಮಾರ. ಚಡ್ಡಿ ಜಾರುವ ವಯಸ್ಸಿನಿಂದ ಅವನ ಬೂಟಿನ ದಾರ ಕಟ್ಟಿ, ಬಿದ್ದಾಗ ಎಬ್ಬಿಸಿ, ಕಾಲೇಜು ಮುಗಿಸುವ ಹೊತ್ತಿಗೆ ಜಿಲ್ಲೆಗೇ ಹೆಸರಾದ ಗೋಲುಗಾರನನ್ನಾಗಿ ಮಾಡಿದ್ದ. ಎಂದಾದರೊಂದು ದಿನ ಇವನು ತನ್ನ ಕೈಯಿಂದ ಒಂದು ಗ್ಲಾಸು ನೀರು ಕುಡಿದಾನು ಎಂಬ ಆಸೆ ಎಲೀಷನಿಗಿತ್ತು. ಹೇಳಿದರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಹಿಂದಿನ ವಾರ ಭಾಲ್ಕಿಯಲ್ಲಿ ಸೆಮಿಫೈನಲ್ ಗೆದ್ದಾಗ ಸಾವ್ಕಾರನ ಬೀಗರ ಮನೆಯಲ್ಲಿ ಊಟವಿತ್ತು. ಹುಡುಗರ ಪಂಕ್ತಿ ಪಡಸಾಲೆಯಲ್ಲಿ ಕೂತಿತು. ಎಲೀಷನ ಪೇಪರ್ ಪ್ಲೇಟು ದನದ ಕೊಟ್ಟಿಗೆಗೆ ಬಂತು. ಮನೆಯ ಹಿರಿಯಾಕೆ ದಾನಮ್ಮ ಹೋಳಿಗೆಯನ್ನು ಮೇಲಿನಿಂದ ಬಿಡುತ್ತ, “ಭಾಳ ಛಲೋ ಆಡ್ತಿ ಅಂತಲ್ಲೋ ತಮ್ಮಾ” ಎಂದಳು. ಆಕೆಯ ಮಾತಿನಲ್ಲಿ ಕಪಟವಿರಲಿಲ್ಲ, ಅದಕ್ಕೇ ಅದು ಹೆಚ್ಚು ಚುಚ್ಚಿತು. ಒಳಗೆ ಹುಡುಗರು ಅವನು ಕೊಟ್ಟ ಪಾಸುಗಳನ್ನು ಹೊಗಳಿ ಹೊಗಳಿ ನಗುತ್ತಿದ್ದರು. ತಂಡಕ್ಕೆ ಅವನ ಕಾಲು ಬೇಕಿತ್ತು, ಕೈ ಬೇಡವಾಗಿತ್ತು. ಕಟ್ಟಿಹಾಕಿದ್ದ ಎಮ್ಮೆ ಪ್ಲೇಟಿನ ಕಡೆಗೆ ಮೂತಿ ಚಾಚಿತು. ಎಲೀಷ ಅರ್ಧ ಹೋಳಿಗೆ ಮುರಿದು ಹಿಡಿದ. ಅದು ಅವನ ಕೈಯಿಂದಲೇ ತಿಂದಿತು.

ಔರಾದದಲ್ಲಿ ಬಿಸಿಲೆಂದರೆ ಕೆಂಡ. ಎರಡೂ ತಂಡಗಳದು ಒಂದೊಂದು ಗೋಲು. ಆಟ ಮುಗಿಯಲು ಬಂದಾಗ ಅಮಿತಕುಮಾರ ಮೀನಖಂಡ ಹಿಡಿದುಕೊಂಡು ಗೆರೆಯ ಹತ್ತಿರ ಕುಸಿದ. ನೀರು, ನೀರು ಎಂದ. ನೀರು ಕೊಡುವ ಆಳು ಚಹಾದಂಗಡಿಗೆ ಹೋಗಿದ್ದ. ಎಲೀಷ ಹಿಂದುಮುಂದು ನೋಡಲಿಲ್ಲ. ಓಡಿಹೋಗಿ ಕ್ಯಾನಿನ ನಳ ತಿರುವಿ, ಗ್ಲಾಸು ತುಂಬಿ ತಂದು ಅವನ ಮುಂದೆ ಮೊಣಕಾಲೂರಿದ.

“ಕುಡಿ ಮಗಾ.”

ಹುಡುಗನ ಕೈ ಅರ್ಧ ದಾರಿ ಬಂತು. ಅಷ್ಟರಲ್ಲಿ ಕಣ್ಣು ಶಾಮಿಯಾನದ ಕಡೆ ಹೋಯಿತು.

“ಸಿಟ್ಟಾಗಬ್ಯಾಡ್ರಿ ಮಾಸ್ತರ. ಅಪ್ಪ ನೋಡ್ಲತ್ಯಾನ.”

ಕೈ ಹಿಂದೆ ಹೋಯಿತು. ಎಲೀಷನಿಗೆ ಅಲ್ಲಿಯೇ ಮಣ್ಣಾಗಿಬಿಡಬೇಕು ಅನ್ನಿಸಿತು. ಸಾವ್ಕಾರ ಧೋತರದ ಚುಂಗು ಹಿಡಿದುಕೊಂಡು ಬಂದವನೇ ಕ್ಯಾನನ್ನು ಕಾಲಿನಿಂದ ಒದ್ದು ಉರುಳಿಸಿದ. “ಎಷ್ಟ್ ದೊಡ್ಡ ಮಾಸ್ತರಾದ್ರೂ ಜಾತಿ ಬುದ್ಧಿ ಬಿಡ್ಲಿಲ್ಲ ನೋಡ್ ಭಾಡ್ಯಾ. ಇದ್ದ ನೀರೆಲ್ಲ ಹೊಲಸ ಮಾಡ್ದಿ.”

ಬಾಯಾರಿದ ಹುಡುಗರು ಸುತ್ತ ನಿಂತು, ನೀರು ಕರಿಮಣ್ಣಿಗೆ ಇಳಿಯುವುದನ್ನು ನೋಡಿದರು. ಎಲೀಷ ಕೈಯಲ್ಲಿದ್ದ ಗ್ಲಾಸನ್ನು ತಾನೇ ಬರಿದು ಮಾಡಿ ಕೆಳಗಿಟ್ಟ.

ಆಟ ಮತ್ತೆ ಶುರುವಾಯಿತು. ಕೊನೆಗಳಿಗೆಯಲ್ಲಿ ಚೆಂಡು ಎಲೀಷನ ಕಾಲಿಗೆ ಬಂತು. ಚೇತರಿಸಿಕೊಂಡಿದ್ದ ಅಮಿತಕುಮಾರ ಎದುರಾಳಿಗಳನ್ನು ತಪ್ಪಿಸಿಕೊಂಡು ಗೋಲಿನತ್ತ ಓಡುತ್ತ, ಎರಡೂ ಕೈ ಮೇಲೆತ್ತಿ, ಕೊಡ್ರಿ ಮಾಸ್ತರ ಕೊಡ್ರಿ ಎಂದು ಬೇಡುತ್ತಿದ್ದ. ಒಂದು ತಳ್ಳು ತಳ್ಳಿದರೆ ಫೈನಲಿನ ಕಪ್ಪು ಸಾವ್ಕಾರನ ಅಂಗಡಿಗೆ. ಎಲೀಷ ಆ ಎತ್ತಿದ ಕೈಗಳನ್ನು ನೋಡಿದ. ಚೆಂಡನ್ನು ಅಂಗಾಲಿನಡಿ ನಿಲ್ಲಿಸಿದ. ಬಗ್ಗಿ, ಎರಡೂ ಕೈಯಿಂದ ಎತ್ತಿಕೊಂಡ.

ರೆಫರಿಯ ಸೀಟಿ ಕೂಗಿತು. ಜನ ತಾಯಿ ಅಕ್ಕ ಎನ್ನದೆ ಬೈದರು. ಎಲೀಷ ಚೆಂಡನ್ನು ಎದೆಗೆ ಒತ್ತಿಕೊಂಡು ಗೆರೆ ದಾಟಿ ನಡೆದ. ನೀರು ಚೆಲ್ಲಿ ಕೆಸರಾಗಿದ್ದ ಜಾಗದಲ್ಲಿ, ಸಾವ್ಕಾರನ ಕಾಲ ಬಳಿ ಅದನ್ನು ಇಟ್ಟ.

“ಇದ್ರಾಗಿನ ಗಾಳಿ ಮುಂಜಾನಿ ನನ್ನ ಕೈಲೆ ಹೊಡದೀನ್ರಿ ಸಾವ್ಕಾರ್ರ. ನೀರ್ ಚೆಲ್ಲಿದ್ರಿ. ಇದನ್ನೂ ಚೆಲ್ಲಿಬಿಡ್ರಿ.”

ಸಾವ್ಕಾರನ ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಎಲೀಷ ಬೂಟು ಬಿಚ್ಚಿ, ದಾರ ಗಂಟುಹಾಕಿ ಕೊರಳಿಗೆ ಇಳಿಬಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟ. ಅಮಿತ ಒಂದು ಸಲ ಕೂಗಿಯಾನು ಎಂದು ಗೇಟಿನ ತನಕ ಅವನ ಕಿವಿ ಹಿಂದೆಯೇ ಇತ್ತು.

ಕೂಗಲಿಲ್ಲ. ಚೆಂಡು ತನ್ನಿರೆಂದು ರೆಫರಿ ಸೀಟಿ ಊದುತ್ತಲೇ ಇದ್ದ. ಹತ್ತೂ ಹುಡುಗರು ಕೆಸರಿನ ಸುತ್ತ ನಿಂತಿದ್ದರು. ಒಬ್ಬನೂ ಬಗ್ಗಲಿಲ್ಲ.